ಗೆಲುವಿನ ಕಾಲುಚೀಲ

ಬೇಸ್‌ಬಾಲ್ ಲೀಗಿನ ಮೊದಲ ಪಂದ್ಯ ಗೆದ್ದ ದಿನವೇ ತಿಲಕ ಹರಕೆ ಹೊತ್ತಿದ್ದ: ವರ್ಷದ ಆಟ ಮುಗಿಯುವ ತನಕ ಅಂದು ತೊಟ್ಟಿದ್ದ ಕಪ್ಪು ಕಾಲುಚೀಲಕ್ಕೆ ನೀರು ಸೋಕಿಸುವುದಿಲ್ಲ. ಗೆಲುವೆಲ್ಲ ಅದರಲ್ಲೇ ಕೂತಿದೆ ಎಂದು ಇಡೀ ತಂಡ ನಂಬಿತ್ತು. ಬಸ್ಸಿನಲ್ಲಿ ಮಾತ್ರ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಫೈನಲ್ಲಿನ ದಿನ ಬೆಳಿಗ್ಗೆ ನೋಡಿದರೆ, ಕಾಲುಚೀಲ ಹಿತ್ತಲ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತ ನೇತಾಡುತ್ತಿತ್ತು.

"ಅಮ್ಮಾ! ಒಗೆದುಬಿಟ್ಯಾ? ಇವತ್ತು ಕಪ್ ಕೈತಪ್ಪಿ ಹೋಯ್ತು, ನನ್ನ ಕಥೆ ಮುಗೀತು!"

"ಸುಮ್ನಿರೋ ಮರೀ. ವರ್ಷವೆಲ್ಲಾ ನೀನು ಗೆದ್ದಿದ್ದು ಒಗೆದ ಚೀಲದಲ್ಲೇ."

"ಮತ್ತೆ ಆ ವಾಸನೆ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ನಿಂಗೆ ಗೊತ್ತಾಗ್ಬಾರ್ದು ಅಂತ ದಿನಾ ಒಗೆದು ಒಣಗಿಸಿ, ಹುಳಿ ಮಜ್ಜಿಗೆ ಚಿಮುಕಿಸಿ ಮಂಚದ ಕೆಳಗೆ ಇಡ್ತಿದ್ದೆ. ಇವತ್ತು ಮಜ್ಜಿಗೆ ಇನ್ನೂ ಹುಳಿ ಬಂದಿಲ್ಲ ಕಣೋ."