ಮೂರನೇ ನೀರು

"ನೋಡು, ಮೂರನೇ ನೀರು," ಎಂದು ಹೊಳೆಯಲ್ಲಿ ಚಿಪ್ಪು ಆಯುವ ತಾಯಿ, ಪ್ರಯೋಗಾಲಯದ ಕೆಲಸದಲ್ಲಿದ್ದ ಮಗಳ ಮುಂದೆ ಬೋಗುಣಿ ಇಟ್ಟಳು. ಮೂರು ಸಲ ನೀರು ಬದಲಿಸಿದ ಮೇಲೆ ಕಪ್ಪೆಚಿಪ್ಪುಗಳು ಕೆಸರೆಲ್ಲ ಉಗುಳಿ, ನೀರು ಕನ್ನಡಿಯಂತೆ ತಿಳಿಯಾಗಿತ್ತು. "ನಿಮ್ಮ ನಲ್ಲಿ ನೀರೂ ಇಷ್ಟು ಚೊಕ್ಕ ಇರಲ್ಲ. ಇನ್ನೇನು ಪರೀಕ್ಷೆ ಮಾಡ್ತೀಯೋ ಮಾಡು."

ಮಗಳು ಹೋದ ವಾರದ ಚಿಪ್ಪುಗಳ ವರದಿಯಿಂದ ತಲೆ ಎತ್ತಲಿಲ್ಲ. "ಕಾರ್ಖಾನೆ ನೀರಿನ ಸೀಸ ಇವುಗಳ ಮೈಯೊಳಗೇ ಕೂತಿದೆ, ಅಮ್ಮ. ಕರುಳಿನ ಒಳ್ಳೇ ಜೀವಾಣು ಸತ್ತು, ಕೆಟ್ಟವು ತುಂಬ್ಕೊಂಡಿವೆ. ಕುದಿಸಿದ್ರೆ ಆ ಜೀವಾಣು ಸಾಯ್ತವೆ. ಸೀಸ ಎಷ್ಟು ತೊಳೆದ್ರೂ ಹೋಗಲ್ಲ."

ತಾಯಿ ಬೋಗುಣಿಯ ಒಣಗಿದ ಅಂಚನ್ನೇ ಮತ್ತೆ ಮತ್ತೆ ಒರೆಸಿದಳು. "ಬಾಣಂತಿಗೆ ಶಕ್ತಿ ಬರಲಿ ಅಂತ ನಿಮ್ಮಕ್ಕನಿಗೆ ತಿಂಗಳಿಂದ ಇದರ ಸಾರೇ ಕೊಡ್ತಿದ್ದೀನಿ," ಎಂದಳು.

ಮಗಳು ಈಗ ತಲೆ ಎತ್ತಿದಳು. ತಾಯಿ ತಿಳಿನೀರನ್ನೇ ನೋಡುತ್ತಿದ್ದಳು. "ಕೂಸು ಅವಳ ಹಾಲು ಬಿಟ್ರೆ ಬೇರೇನೂ ಕುಡಿದಿಲ್ಲ ಕಣೇ."