ಅವಿಭಾಜ್ಯ ಸಂಗೀತ

ಗಣಿತದ ಮೇಷ್ಟ್ರು ಪದ್ಮನಾಭಯ್ಯನವರು ಎರಡು ವರ್ಷ ಕಂಪ್ಯೂಟರಿನ ಮುಂದೆ ಕೂತು, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳನ್ನಷ್ಟೇ ಸ್ವರವಾಗಿಸಿ, ತೇಲುವಂಥ ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದ್ದರು. ತಾವೊಬ್ಬ ಮಹಾ ಸಂಯೋಜಕರೆಂಬ ನಂಬಿಕೆ ಅವರಿಗಿತ್ತು, ಬೇರೆ ಯಾರಿಗೂ ಇರಲಿಲ್ಲ. ಕಾಲೇಜಿನಲ್ಲಿ ಅದರ ಪ್ರದರ್ಶನದ ಹಿಂದಿನ ದಿನ ಹೆಂಡತಿಗೆ ಕೇಳಿಸಿದರು. ಪ್ರೈಮರಿ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ಕಮಲಾಕ್ಷಿ ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳಿದರು. ಒಂದು ಸ್ವರಕ್ಕೆ ಮಾತ್ರ ಅವರ ಕೈ ನಿಂತಿತು, ಕಣ್ಣು ತುಂಬಿತು.

"ಈಗ ಬಂತಲ್ಲ, ಅದೊಂದ್ರಲ್ಲಿ ಜೀವ ಇದೆ ಕಣ್ರೀ. ಯಾವ ನಂಬರು ಅದು?"

ಎರಡು ವರ್ಷದಲ್ಲಿ ಸಿಕ್ಕ ಮೊದಲ ಮೆಚ್ಚುಗೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪರದೆ ನೋಡಿದರು.

"ತೊಂಬತ್ತೊಂದು ಕಣೇ. ಆ ಜೀವ ಅವಿಭಾಜ್ಯ ಸಂಖ್ಯೆಗೆ ಮಾತ್ರ ಇರತ್ತೆ."

ಕಮಲಾಕ್ಷಿ ಮತ್ತೊಂದು ಅವರೆಕಾಯಿ ಕೈಗೆತ್ತಿಕೊಂಡರು.

"ಹದಿಮೂರೇಳ್ಲಿ ತೊಂಬತ್ತೊಂದು ಅಲ್ವೇನ್ರೀ?"