ಮೂರನೆಯ ಸೌಂಡ್ ಬಾಕ್ಸ್

ಭೀಮರಾಯ ಮೊದಲಿನದನ್ನು ಕಳಚಿಟ್ಟು ಎರಡನೆಯ ಸೌಂಡ್ ಬಾಕ್ಸನ್ನು ಗ್ರಾಮಫೋನಿಗೆ ಸಿಕ್ಕಿಸಿದ. ಸೂಜಿಯ ಅದುರನ್ನು ದನಿಯಾಗಿಸುವ ಅಂಗೈಯಗಲದ ಡಬ್ಬಿ ಅದು. ಜತ್ತದ ಪೇಟೆಯಲ್ಲಿ ಅಂಥದನ್ನು ಬಿಚ್ಚಿ ಜೋಡಿಸಬಲ್ಲವನು ಅವನೊಬ್ಬನೇ.

ಎದುರಿಗೆ, ಹೊಸ ಡಬ್ಬಿ ಆರಿಸಲು ಬಂದ ಅಸಂಗಿಯ ಕುರಿಗಾರ ಅಮೋಗಸಿದ್ದ ಕುಳಿತಿದ್ದ. ರೆಕಾರ್ಡಿನಲ್ಲಿದ್ದದ್ದು ಅವನ ಹೆಂಡತಿ ಮಲಕವ್ವನ ಹಾಡು. ನಾಲ್ಕು ವರ್ಷದ ಹಿಂದೆ, ೧೯೫೦ರಲ್ಲಿ, ರೆಕಾರ್ಡು ಕಂಪನಿಯವರು ಮಿರಜಿಗೆ ಬಂದಾಗ ಹಾಡಿದ್ದು. ಈಗ ಆಕೆ ಇಲ್ಲ. ಉಳಿದ ಪ್ರತಿ ಇದೊಂದೇ.

ಭೀಮರಾಯ ಹೊಸ ಸೂಜಿ ಹಾಕಿದ. ಒಂದು ಸೂಜಿಗೆ ಒಂದೇ ಹಾಡು. ಕಸುಬಿನ ಮೊದಲ ಪಾಠ. ಆದರೆ ಹೋದ ವಾರ ಅಮೋಗಸಿದ್ದ ರೆಕಾರ್ಡನ್ನು ಅಂಗಡಿಯಲ್ಲೇ ಬಿಟ್ಟುಹೋಗಿದ್ದಾಗ, ಗೆಳೆಯರ ಗದ್ದಲದ ನಡುವೆ, ಒಂದೇ ಸೂಜಿಯಲ್ಲಿ ಹತ್ತು ಸಲ ಹಾಕಿದ್ದ. ಮೊಂಡು ಸೂಜಿ ರೆಕಾರ್ಡಿನ ಗೆರೆಯನ್ನು ಕೆರೆಯುತ್ತದೆ. ಗೊತ್ತಿದ್ದೂ ಹಾಕಿದ್ದ.

ಎರಡನೆಯ ನುಡಿಗೆ ಮಲಕವ್ವನ ದನಿ ಒಡೆಯಿತು. ಅಮೋಗಸಿದ್ದ ನೆಲ ನೋಡಿದ.

“ಹೆಂಗೈತ್ರಿ ಕಾಕಾ?”

“ಮೊದಲಿನದಕ್ಕಿಂತ ಚೊಕ್ಕ ಐತಿ. ಬ್ಯಾಡ.”

“ಚೊಕ್ಕ ಇದ್ರ ಬ್ಯಾಡ ಅಂತೀರಿ! ಕುರಿ ಒದರೂದು ಕೇಳಿ ಕೇಳಿ ಕಿವಿ ಕೆಟ್ಟಾವೇನ್ರಿ?” ಭೀಮರಾಯ ನಕ್ಕ. ಎರಡನೆಯ ಡಬ್ಬಿ ಬಿಚ್ಚಿದ.

ಮೂರನೆಯದು ವಿಲಾಯತಿಯದು, ಸಣ್ಣ ಸದ್ದನ್ನೂ ಹಿಡಿಯುವ ಅಭ್ರಕದ ಪೊರೆಯದು. ಅದರಲ್ಲಿ ಮಲಕವ್ವ ಉಸಿರೆಳೆದುಕೊಂಡದ್ದೂ ಕೇಳಿಸಿತು. ದನಿ ಒಡೆದದ್ದು ಇನ್ನೂ ನಿಚ್ಚಳವಾಗಿ ಕೇಳಿಸಿತು. ಅಮೋಗಸಿದ್ದ ತಟ್ಟನೆ ಎದ್ದು ತಾನೇ ಸೂಜಿಯನ್ನು ಮೇಲೆತ್ತಿದ.

“ಇದರಾಗ ಎಲ್ಲಾ ಕೇಳಸ್ತೈತಿ. ಮೆತ್ತಂದು ಯಾವುದೂ ಇಲ್ಲೇನು, ತಮ್ಮಾ?”

ಭೀಮರಾಯನಿಗೆ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟರೆ ನಾಳೆ ಪೇಟೆಯಲ್ಲಿ ಯಾರೂ ತನ್ನ ಕೈಗೆ ರೆಕಾರ್ಡು ಕೊಡಲಿಕ್ಕಿಲ್ಲ. ಕೊಡದಿದ್ದರೆ ಬೇಡ.

“ಡಬ್ಬಿ ಬದಲಿ ಮಾಡಿದ್ರ ಆಗೂದಿಲ್ರಿ ಕಾಕಾ. ಮೊಂಡ ಸೂಜಿಲೆ ಹತ್ತ ಸಲ ಹಾಕೀನಿ. ನಿಮ್ಮ ಮನಿಯವರ ದನಿ ಕೆಡಿಸಿದಾಂವ ನಾನs. ಬೈರಿ, ಹೊಡೀರಿ, ಏನರ ಮಾಡ್ರಿ.”

ಅಮೋಗಸಿದ್ದ ತಿರುಗುತ್ತಿದ್ದ ಗ್ರಾಮಫೋನನ್ನು ನಿಲ್ಲಿಸಿದ. ಆಮೇಲೆ ರೆಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ನಿನ್ನ ಸೂಜಿ ತಪ್ಪಲ್ಲೋ ತಮ್ಮಾ, ಇದು ಮೊದಲಿಂದಲೂ ಹಿಂಗs ಐತಿ,” ಎಂದ. “ಮಿರಜಿಗೆ ಹಾಡಾಕ ಹೋಗಬ್ಯಾಡಂತ ಅವತ್ತ ಮುಂಜಾನಿ ಆಕಿ ಕುತ್ತಿಗಿ ಹಿಚಕಿದಾಂವ ನಾನು.”